ಎರಡು ಡಬ್ಬಿ, ಒಂದು ಚಮಚ

ಹಳೆಯ ಫ್ಲ್ಯಾಟಿನ ಕರಾರು ಮುಗಿದ ದಿನಕ್ಕೂ ಕೊಲಿಂಡೇಲಿನ ಹೊಸ ಫ್ಲ್ಯಾಟಿನ ಕೀಲಿಕೈ ಸಿಗುವ ದಿನಕ್ಕೂ ನಡುವೆ ಒಂಬತ್ತು ರಾತ್ರಿಗಳ ಸಂದು ಬಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿದ್ದಳು. ಐವತ್ತಕ್ಕೆ ಎರಡೇ ವರ್ಷ ಬಾಕಿಯಿದ್ದ ನಾನು ಯೂಸ್ಟನ್ ಸ್ಟೇಷನ್ನಿನ ಹಿಂದಿನ ಬೀದಿಯ ಯೂತ್ ಹಾಸ್ಟೆಲಿನಲ್ಲಿ ಒಂದು ಕೆಳಮಂಚ ಹಿಡಿದೆ. ಮೇಲಿನ ಮಂಚ ಮುರಿದು ಬಿದ್ದರೆ ಎಂಬ ಭಯಕ್ಕೆ ಮೊದಲ ರಾತ್ರಿ ಗೋಡೆಗೆ ಅಂಟಿಕೊಂಡೇ ಮಲಗಿದೆ. ಅಲ್ಲಿ ಯಾರೂ ಇರಲಿಲ್ಲವೆಂದು ಬೆಳಿಗ್ಗೆ ತಿಳಿಯಿತು.

ಹಾಸ್ಟೆಲಿನ ಅಡುಗೆಮನೆ ನೆಲಮಾಳಿಗೆಯಲ್ಲಿತ್ತು. ನಾಲ್ಕು ಒಲೆ, ಎರಡು ಫ್ರಿಜ್, ತಳ ಸವೆದ ಪಾತ್ರೆಗಳು. ಫ್ರಿಜ್ಜಿನಲ್ಲಿಡುವ ಪ್ರತಿ ಚೀಲದ ಮೇಲೂ ಹೆಸರು ಮತ್ತು ಹೊರಡುವ ದಿನಾಂಕ ಬರೆದ ಚೀಟಿ ಅಂಟಿಸಬೇಕು. ದಿನಾಂಕ ದಾಟಿದರೆ ಕಸದ ಬುಟ್ಟಿಗೆ. ಹೋಗುವವರು ಉಳಿದದ್ದನ್ನು ಬಾಗಿಲ ಪಕ್ಕದ ಶೆಲ್ಫಿನಲ್ಲಿ ಬಿಟ್ಟರೆ ಬೇಕಾದವರು ತೆಗೆದುಕೊಳ್ಳಬಹುದು. ನನ್ನ ಮೊಸರಿನ ಮೇಲೆ ನನ್ನದೇ ಕೈಬರಹದಲ್ಲಿ ಕೊನೆಯ ದಿನಾಂಕ ನೋಡುವಾಗೆಲ್ಲ ಅದು ಮೊಸರಿನದೋ ನನ್ನದೋ ಎಂದು ಸಣ್ಣಗೆ ಅಳುಕಾಗುತ್ತಿತ್ತು.

ಊರಿಗೆ ಹೊರಡುವ ಮುಂಚೆ ಹೆಂಡತಿ ಎರಡು ಡಬ್ಬಿ ತುಂಬಿಕೊಟ್ಟಿದ್ದಳು. ಒಂದರಲ್ಲಿ ಸಾರಿನ ಪುಡಿ, ಇನ್ನೊಂದರಲ್ಲಿ ಶೇಂಗಾ ಹಿಂಡಿ, ಅಂದರೆ ಬೆಳ್ಳುಳ್ಳಿ ಹಾಕಿ ಕುಟ್ಟಿದ ಕಡಲೆಕಾಯಿ ಚಟ್ನಿಪುಡಿ. ಎರಡೂ ಕಾಫಿ ಪುಡಿ ಖಾಲಿಯಾದ ಗಾಜಿನ ಡಬ್ಬಿಗಳು, ಎರಡರ ಮೇಲೂ ಕಾಫಿಯದೇ ಚೀಟಿ. ನಮ್ಮ ಮನೆಗಳಲ್ಲಿ ಡಬ್ಬಿಯ ಮೇಲೆ ಬರೆದದ್ದನ್ನು ಯಾರೂ ನಂಬುವುದಿಲ್ಲ, ಒಳಗೇನಿದೆ ಎಂಬುದು ಮನೆಯವಳ ತಲೆಯಲ್ಲಿರುತ್ತದೆ. ಗಂಡನ ತಲೆಯ ಮೇಲೆ ಭರವಸೆಯಿಲ್ಲದೆ ಅವಳು ಹಿಂಡಿಯ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಳು. ಮೂರನೆಯ ದಿನ ಬ್ರೆಡ್ಡಿನ ಪೊಟ್ಟಣ ಕಟ್ಟಲು ನಾನು ಅದನ್ನು ತೆಗೆದುಬಿಟ್ಟೆ. ಹೆಚ್ಚು ಖಾಲಿಯಾದದ್ದು ಸಾರಿನ ಪುಡಿ, ತುಂಬಿರುವುದು ಹಿಂಡಿ. ಅಷ್ಟು ನೆನಪಿಟ್ಟುಕೊಂಡರೆ ಸಾಕು ಅಂದುಕೊಂಡೆ. ಹಾಸ್ಟೆಲಿನ ಚಮಚಗಳು ಸಿಕ್ಕ ದಿನ ಸಿಕ್ಕವು, ಇಲ್ಲದ ದಿನ ಇಲ್ಲ. ಹಾಗಾಗಿ ಮನೆಯಿಂದ ತಂದ ಒಂದೇ ಸ್ಟೀಲ್ ಚಮಚ ನನ್ನ ಎಲ್ಲ ಕೆಲಸಕ್ಕೂ ಆಗುತ್ತಿತ್ತು.

ನಾಲ್ಕನೆಯ ದಿನ ಆ ಹೆಂಗಸು ಬಂದಳು. ಅರವತ್ತು ದಾಟಿದವಳು, ಈ ದೇಶದ ಉತ್ತರದ ಯಾವುದೋ ಸಣ್ಣ ಊರಿನಿಂದ ಬಂದವಳು. ಅವಳ ತಮ್ಮ ಹತ್ತಿರದ ಆಸ್ಪತ್ರೆಯಲ್ಲಿದ್ದ. ಹನ್ನೆರಡಕ್ಕೆ ಅಡುಗೆಗೆ ನಿಂತು, ಉಂಡು, ಒಂದಕ್ಕೆ ಅವನನ್ನು ನೋಡಲು ಹೋಗುವಳು. ಅವಳ ಚೀಲಕ್ಕೆ ಸುತ್ತಲೂ ಕೆಂಪು ಟೇಪು. ಹಾಸ್ಟೆಲಿನ ಪಾತ್ರೆಯನ್ನು ಎರಡು ಸಲ ತೊಳೆದು, ಬೆಳಕಿಗೆ ಹಿಡಿದು ನೋಡಿ, ಮೂರನೆಯ ಸಲ ತೊಳೆಯುವಳು. ನನಗಿಂತ ಹೆಚ್ಚು ಹೆದರುವವರೊಬ್ಬರು ಸಿಕ್ಕರಲ್ಲ ಎಂದು ನನಗೆ ಆಪ್ತತೆಯೇ ಹುಟ್ಟಿತು. ಅವಳ ಹೆದರಿಕೆಗೆ ಕಾರಣವಿತ್ತು. ಶೇಂಗಾ ಅವಳಿಗೆ ವಿಷ. ಒಂದು ಕಾಳಿನ ಪುಡಿ ಸಾಕು, ಗಂಟಲು ಮುಚ್ಚಿಕೊಳ್ಳುತ್ತದೆ ಎಂದಳು. ಜೊತೆಗೆ ಕೋವಿಡ್ ಬಂದುಹೋದ ಮೇಲೆ ಮೂಗಿಗೆ ವಾಸನೆಯೂ ತಿಳಿಯುತ್ತಿರಲಿಲ್ಲ. ಗಂಟಲು ಮುಚ್ಚಿದರೆ ಚುಚ್ಚಿಕೊಳ್ಳುವ ಎರಡು ಇಂಜೆಕ್ಷನ್ ಪೆನ್ನು ಸದಾ ಜೇಬಿನಲ್ಲಿರುತ್ತಿದ್ದವು.

ಆಗಲೇ ನಾನು ನನ್ನ ಚೀಲದಲ್ಲಿ ಏನಿದೆ ಎಂದು ಹೇಳಬೇಕಿತ್ತು. ಹೇಳಿದರೆ ಇವನ ಪಕ್ಕ ನಿಲ್ಲಬಾರದು ಎಂದು ಬೇರೆ ಹೊತ್ತಿಗೆ ಬಂದಾಳು ಅನ್ನಿಸಿತು. ಒಂಟಿಯಾಗಿ ಅನ್ನ ಬೇಯಿಸಿ ಬೇಸತ್ತಿದ್ದೆ. ಹಿಂಡಿಯ ಡಬ್ಬಿಯನ್ನು ಕೋಣೆಗೊಯ್ದು, ಮಂಚದ ಪರದೆ ಎಳೆದುಕೊಂಡು, ಬ್ರೆಡ್ಡಿಗೆ ಹಚ್ಚಿ ಕಳ್ಳನಂತೆ ತಿನ್ನತೊಡಗಿದೆ. ಕದ್ದು ತಿಂದದ್ದಕ್ಕೆ ರುಚಿ ಹೆಚ್ಚು. ಡಬ್ಬಿ ಬೇಗ ಇಳಿಯಿತು.

ಮಂಗಳವಾರ ಸಾರು ಮಾಡಿದಾಗ ಅವಳಿಗೂ ಒಂದು ಬಟ್ಟಲು ಕೊಟ್ಟೆ. ಶೇಂಗಾ ಇದೆಯೇ ಎಂದು ಕೇಳಿದಳು. ಇಲ್ಲವೇ ಇಲ್ಲ ಅಂದೆ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಒಣಮೆಣಸಿನಕಾಯಿ ಎಂದು ಎಣಿಸಿಯೂ ಹೇಳಿದೆ. ಹಾಗಾದರೆ ನೀವೇ ನನ್ನ ಮೂಗು ಎಂದು ಅವಳು ನಕ್ಕು ಬಟ್ಟಲು ತೆಗೆದುಕೊಂಡಳು. ಮರುದಿನ ಸಾರು ಸೊಗಸಾಗಿತ್ತು ಅಂದಳು. ನಾನು ಉಬ್ಬಿಹೋಗಿ, ಹೋಗುವ ದಿನ ಆ ಪುಡಿಯನ್ನು ಶೆಲ್ಫಿನಲ್ಲಿ ನಿಮಗಾಗಿಯೇ ಬಿಟ್ಟುಹೋಗುತ್ತೇನೆ ಎಂದು ಮಾತು ಕೊಟ್ಟೆ. ಆ ಮಂಗಳವಾರವಂತೂ ಹಾಸಿಗೆಗೆ ತಲೆಯಿಟ್ಟದ್ದೇ ನಿದ್ದೆ ಬಂದಿತ್ತು. ಒಂಬತ್ತು ರಾತ್ರಿಗಳಲ್ಲಿ ಅದೊಂದೇ.

ಹೊರಡುವ ದಿನ ಹತ್ತು ಗಂಟೆಯೊಳಗೆ ಕೋಣೆ ಬಿಡಬೇಕಿತ್ತು. ಆ ಗಡಿಬಿಡಿಯಲ್ಲಿ ಅಕ್ಕಿ, ಅವಲಕ್ಕಿ, ಹೆಚ್ಚು ಖಾಲಿಯಾಗಿದ್ದ ಡಬ್ಬಿ, ಮೂರನ್ನೂ ಶೆಲ್ಫಿನಲ್ಲಿಟ್ಟು ಓಡಿದೆ.

ಕೊಲಿಂಡೇಲಿನ ಹನ್ನೊಂದನೆಯ ಮಹಡಿಯ ಫ್ಲ್ಯಾಟಿನಲ್ಲಿ ಹೊಸ ಬಣ್ಣದ ವಾಸನೆ. ಲಿಫ್ಟು ನಡುವೆ ನಿಂತರೆ, ನಲ್ಲಿ ಸೋರಿದರೆ ಎಂದು ಚಿಂತಿಸುತ್ತ ಚೀಲ ಬಿಚ್ಚಿ, ಹಸಿವಿಗೆ ಬ್ರೆಡ್ಡು ತೆಗೆದೆ. ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಡಬ್ಬಿಯ ಮುಚ್ಚಳ ತಿರುವಿದೆ. ಮೂಗಿಗೆ ಬಡಿದದ್ದು ಬೆಳ್ಳುಳ್ಳಿಯಲ್ಲ, ಹುರಿದ ಕೊತ್ತಂಬರಿ.

ಶೆಲ್ಫಿನಲ್ಲಿ ಆ ಹೆಂಗಸಿಗೆಂದು ಬಿಟ್ಟು ಬಂದದ್ದು ಹಿಂಡಿ. ಹೆಂಡತಿಗೆ ಎಲ್ಲ ಹೇಳಿದೆ.

"ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ನೆಲ್ರಿ?"

ಬ್ರೆಡ್ಡಿಗೆ ಕಟ್ಟಿದೆ ಅಂದೆ.

"ಮ್ಯಾಲಿನ ಮಂಚ ಬೀಳ್ತದ ಅಂತ ನಿದ್ದಿಗೆಡೋ ಮನಶ್ಯಾ ನೀವು. ಹೆದರಬೇಕಾದ್ದಕ್ಕ ಮಾತ್ರ ಹೆದರಂಗಿಲ್ಲ ನೋಡ್ರಿ. ಫೋನ್ ಇಡ್ರಿ, ಓಡ್ರಿ ಮೊದಲ."

ಗಡಿಯಾರ ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ಸ್ಟೇಷನ್ನಿನ ಮೆಟ್ಟಿಲು ಇಳಿಯುತ್ತಲೇ ಹಾಸ್ಟೆಲಿಗೆ ಫೋನ್ ಮಾಡಿದೆ. ಬುಕ್ಕಿಂಗಿಗೆ ಒಂದು ಒತ್ತಿ, ಗುಂಪಿಗೆ ಎರಡು ಒತ್ತಿ ಎಂದು ರೆಕಾರ್ಡಿನ ಧ್ವನಿ. ಯಾರನ್ನೋ ಸಾಯಿಸುತ್ತಿದ್ದರೆ ಯಾವುದನ್ನು ಒತ್ತಬೇಕೆಂದು ಅದು ಹೇಳಲಿಲ್ಲ. ಹೆಂಡನ್ ಸೆಂಟ್ರಲ್ ಬಂದಾಗ ನಾನು ಕರೆಯ ಸಾಲಿನಲ್ಲಿ ನಾಲ್ಕನೆಯವ, ಬ್ರೆಂಟ್ ಕ್ರಾಸಿನಲ್ಲಿ ಮೂರನೆಯವ, ಗೋಲ್ಡರ್ಸ್ ಗ್ರೀನಿನಲ್ಲಿ ಎರಡನೆಯವ. ಅಲ್ಲಿಂದ ರೈಲು ಸುರಂಗ ಹೊಕ್ಕಿತು, ಕರೆ ಸತ್ತಿತು.

ಕಿಟಕಿಯ ಕಪ್ಪು ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಎದುರಿಗೆ ಕೂತವನೊಬ್ಬ ಯಾವುದೋ ಪೊಟ್ಟಣ ಹರಿದು ಒಂದೊಂದೇ ಕಾಳು ಬಾಯಿಗೆಸೆದುಕೊಳ್ಳುತ್ತಿದ್ದ. ಏನೆಂದು ನೋಡಲು ಧೈರ್ಯ ಬರಲಿಲ್ಲ. ಕ್ಯಾಮ್ಡೆನ್ ಟೌನಿನ ಹೊರಗೆ ರೈಲು ಸಿಗ್ನಲಿಗೆ ನಿಂತಿತು. ಈಗ ಅವಳು ಪಾತ್ರೆ ತೊಳೆಯುತ್ತಿರಬಹುದು. ಈಗ ಎರಡನೆಯ ಸಲ. ಮೂರನೆಯ ಸಲವೂ ತೊಳೆ ತಾಯಿ, ನಾಲ್ಕನೆಯ ಸಲವೂ ತೊಳೆ ಎಂದು ಬೇಡಿಕೊಂಡೆ.

ಯೂಸ್ಟನ್ ರಸ್ತೆಯಲ್ಲಿ ಆಂಬ್ಯುಲೆನ್ಸ್ ಕೂಗದ ಗಳಿಗೆಯಿಲ್ಲ. ಒಂಬತ್ತು ದಿನ ಅದು ಕಿವಿಗೆ ಬಿದ್ದಿರಲಿಲ್ಲ. ಆ ದಿನ ಪ್ರತಿಯೊಂದೂ ಹಾಸ್ಟೆಲಿನ ಕಡೆಗೇ ತಿರುಗಿದಂತೆ ಕೇಳಿಸಿತು. ರಿಸೆಪ್ಷನ್ನಿನ ಹುಡುಗಿ, ನೀವು ಚೆಕ್ ಔಟ್ ಮಾಡಿದ್ದೀರಿ, ಕೆಳಗೆ ಬಿಡಲಾಗುವುದಿಲ್ಲ ಎಂದು ಶುರುಮಾಡಿದಳು. ನನ್ನ ಮುಖ ನೋಡಿ ಮಾತು ನಿಲ್ಲಿಸಿ ಬಾಗಿಲು ತೆರೆದಳು.

ಶೆಲ್ಫಿನಲ್ಲಿ ಅಕ್ಕಿಯಿತ್ತು, ಅವಲಕ್ಕಿಯಿತ್ತು. ಡಬ್ಬಿ ಇರಲಿಲ್ಲ. ಒಲೆಯ ಮೇಲೆ ಅವಳ ಪಾತ್ರೆ ಕುದಿಯುತ್ತಿತ್ತು, ಪಕ್ಕದ ಮೇಜಿನ ಮೇಲೆ ಕೆಂಪು ಟೇಪಿನ ಚೀಲ ಬಾಯಿ ತೆರೆದಿತ್ತು. ಅವಳು ಮಾತ್ರ ಕಾಣಲಿಲ್ಲ. ನಾನು ಮೇಜಿನ ಹಿಂದೆ, ನೆಲದ ಮೇಲೆ, ಬಗ್ಗಿ ನೋಡಿದೆ.

ಏನು ಹುಡುಕುತ್ತಿದ್ದೀರಿ ಎಂದು ಹಿಂದಿನಿಂದ ಧ್ವನಿ ಬಂತು. ಬಾಗಿಲಲ್ಲಿ ಅವಳು, ಕೈಯಲ್ಲಿ ಉಪ್ಪಿನ ಪೊಟ್ಟಣ. ಮೇಲೆ ಮರೆತು ಬಂದಿದ್ದಳಂತೆ.

ಉಸಿರು ಸಿಕ್ಕಷ್ಟರಲ್ಲಿ ಡಬ್ಬಿಯ ವಿಷಯ ಹೇಳಿದೆ. ಅವಳ ಕೈ ಜೇಬಿನ ಪೆನ್ನುಗಳನ್ನು ಮುಟ್ಟಿಕೊಂಡಿತು. ಆಮೇಲೆ ಮೂಲೆಯ ಕಸದ ಬುಟ್ಟಿಯ ಕಡೆ ತೋರಿಸಿದಳು. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಂಟು ಹಾಕಿದ ನನ್ನ ಡಬ್ಬಿ ಅಲ್ಲಿತ್ತು. ಬೆಳಿಗ್ಗೆ ನಾನು ಹೊರಟ ಮರುಕ್ಷಣವೇ ಹಾಕಿದ್ದಳು.

"ಬೇಸರ ಮಾಡಿಕೊಳ್ಳಬೇಡಿ" ಅಂದಳು. "ಚೀಟಿ ಓದದೆ ನಾನು ಯಾರು ಕೊಟ್ಟದ್ದನ್ನೂ ತಿನ್ನುವುದಿಲ್ಲ. ಒಳ್ಳೆಯವರು ಕೊಟ್ಟದ್ದನ್ನಂತೂ ತಿನ್ನುವುದೇ ಇಲ್ಲ. ಇಷ್ಟು ವರ್ಷ ಬದುಕಿದ್ದು ಹಾಗೇ."

ಕುರ್ಚಿ ಎಳೆದು ಕೂತೆ. ಸಮಾಧಾನದ ಜೊತೆಗೆ ಎಲ್ಲೋ ಒಂದು ಚೂರು ಅವಮಾನವೂ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ.

"ಮತ್ತೆ ಮಂಗಳವಾರದ ಸಾರು?"

"ಸಿಂಕಿಗೆ ಸುರಿದೆ. ನೀವು ಮೇಲೆ ಹೋಗುವವರೆಗೂ ಕಾದೆ. ಬಹಳ ಸಂತೋಷದಲ್ಲಿದ್ದಿರಿ, ಪಾಪ."

ಅದರಲ್ಲಿ ನಿಜವಾಗಿಯೂ ಶೇಂಗಾ ಇರಲಿಲ್ಲ, ಅದು ಸಾರಿನ ಪುಡಿಯೇ ಎಂದು ಸಮರ್ಥಿಸಿಕೊಳ್ಳಲು ಬಾಯಿ ತೆರೆದೆ. ಕೈ ಅಭ್ಯಾಸಬಲದಿಂದ ಅಂಗಿಯ ಜೇಬಿಗೆ ಹೋಯಿತು. ಸ್ಟೀಲ್ ಚಮಚ ಅಲ್ಲೇ ಇತ್ತು. ಮಂಗಳವಾರವೂ ಮಂಚದ ಮೇಲೆ ಕೂತು ಹಿಂಡಿ ತಿಂದು, ಚಮಚವನ್ನು ಕರವಸ್ತ್ರಕ್ಕೆ ಒರೆಸಿ, ಅದರಿಂದಲೇ ಸಾರಿನ ಪುಡಿ ತೋಡಿ, ಅವಳ ಬಟ್ಟಲನ್ನೂ ಅದರಿಂದಲೇ ಕಲಕಿ ಕೊಟ್ಟಿದ್ದೆ.

ತೆರೆದ ಬಾಯಿ ಮುಚ್ಚಿದೆ. ಅವಳು ಪಾತ್ರೆಗೆ ಉಪ್ಪು ಹಾಕುತ್ತಿದ್ದಳು. ಚಮಚವನ್ನು ಜೇಬಿನ ತಳಕ್ಕೆ ಒತ್ತಿ ಹಿಡಿದುಕೊಂಡು, ಕುರ್ಚಿಯಿಂದೆದ್ದು ಅವಳಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಆ ಮಂಗಳವಾರವೇ.