ಟೊಪ್ಪಿ ಹಾಕಿದ ಎಚ್

ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ನೀರುದೋಸೆ ತಣ್ಣಗಾಯಿತು. ಕಾರಣ ನನ್ನ ಮಗಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಅವಳು ಹೊಸ ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪು ಕಿಟಕಿ ತೆರೆದು, ಅದರ ಅಕ್ಷರಗಳಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಗಂಟೆಯಿಂದ ನೋಡುತ್ತಿದ್ದಳು. ಹಸಿರು, ಆಮೇಲೆ ಕೇಸರಿ, ಆಮೇಲೆ ಬೂದಿಗೆ ಹತ್ತಿರದ ಒಂದು ಬಿಳಿ. ಮದುವೆಯ ಸೀರೆ ಆರಿಸುವಾಗ ಕೂಡ ನಾನು ಅಷ್ಟು ಹೊತ್ತು ಕೂತವಳಲ್ಲ.

“ಟರ್ಮಿನಲ್ ಅಲ್ವಾ ಅದು?” ಎಂದೆ.

“ಹೌದಮ್ಮ, ನಿನಗೆ ಅದೆಲ್ಲ...” ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿ ನಕ್ಕಳು. “ಓ, ನೀನು ಇದೇ ಸೆಟ್ಟಿಂಗಿಗೋಸ್ಕರ ಮ್ಯಾನೇಜರಿಗೆ ಜೋರು ಮಾಡಿದವಳಲ್ವಾ!”

ಆ ಕಥೆ ನಮ್ಮ ಮನೆಯಲ್ಲಿ ಪ್ರಸಿದ್ಧ. ನಾದಿನಿಯರು ಬಂದಾಗ, ಕರೆಂಟು ಹೋದಾಗ, ಮಗಳಿಗೆ ಧೈರ್ಯ ತುಂಬಬೇಕಾದಾಗ, ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುತ್ತ ಹೇಳುತ್ತ ಅದರಲ್ಲಿ ನಾನು ಮೇಜು ಕುಟ್ಟುವುದೂ ಸೇರಿಕೊಂಡಿದೆ. ನಿಜದಲ್ಲಿ ನಾನು ಮೇಜು ಮುಟ್ಟಿಯೂ ಇರಲಿಲ್ಲ. ಅದು ಹೋಗಲಿ, ಸಣ್ಣ ಸುಳ್ಳು. ಆದರೆ ಆ ಕಥೆಯಿಂದ ಒಂದು ಇಡೀ ದಿನವನ್ನೇ ನಾನು ಬಿಟ್ಟುಬಿಟ್ಟಿದ್ದೇನೆ. ನಿಮಗೆ ಬಿಡದೆ ಹೇಳುತ್ತೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಆಗ ಹಂಚಿನ ಮಾಡಿನ ಕಟ್ಟಡಗಳು ಇನ್ನೂ ಸಾಕಷ್ಟಿದ್ದವು. ಅಂಥದೊಂದರಲ್ಲಿ, ಹಡಗಿಗೆ ಹೋಗುವ ಸರಕಿನ ಕಾಗದಪತ್ರ ತಯಾರಿಸಿಕೊಡುವ ಕಚೇರಿಗೆ ನಾನು ಸೇರಿದೆ. ಇಪ್ಪತ್ತೆರಡು ವರ್ಷ, ಕೈಯಲ್ಲಿ ಕಂಪ್ಯೂಟರ್ ಡಿಪ್ಲೊಮಾ, ಒಂದು ವರ್ಷದ ಪ್ರೊಬೇಷನ್. ಅಜ್ಜನ ಕಾಲದ ಗದ್ದೆಗಳು ಹೋದ ಮೇಲೆ ಪೇಟೆಗೆ ಬಂದು ಹೋಟೆಲು ಇಟ್ಟಿದ್ದ ನನ್ನ ಅಪ್ಪನಿಗೆ ಆ ಡಿಪ್ಲೊಮಾದ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. “ಗ್ರೈಂಡರ್ ರಿಪೇರಿ ಕಲಿತಿದ್ದರೆ ಹೋಟೆಲಿಗಾದರೂ ಆಗ್ತಿತ್ತು” ಎನ್ನುತ್ತಿದ್ದರು. ಹಾಗಾಗಿ ಆ ಕೆಲಸ ಉಳಿಸಿಕೊಳ್ಳುವುದು ನನಗೆ ಮಾನದ ಪ್ರಶ್ನೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ್ದಕ್ಕೆ ನನಗಿರುವ ನೆಪ ಇದೊಂದೇ.

ಆ ಕಚೇರಿಯ ಹೆಡ್ ಟೈಪಿಸ್ಟ್ ಸಂಜೀವಣ್ಣ. ಐವತ್ತಮೂರರ ಆಸುಪಾಸು. ನದಿಯ ಆಚೆಯ ತೊಕ್ಕೊಟ್ಟಿನಿಂದ ಬಸ್ಸಿನಲ್ಲಿ ಸೇತುವೆ ದಾಟಿ ಬರುತ್ತಿದ್ದರು. ಕಾಲರಿನ ಒಳಗೆ ಮಡಿಸಿಟ್ಟ ಕರವಸ್ತ್ರ, ಇಸ್ತ್ರಿ ಮುರಿಯದ ಬಿಳಿ ಅಂಗಿ. “ನಮ್ಮ ಮನೆಯಲ್ಲಿ ಗದ್ದೆಗೆ ಇಳಿಯದ ಮೊದಲನೇ ಕಾಲು ನಂದು” ಎಂದು ಹೇಳಿಕೊಂಡು ನಗುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗ ಅರ್ಧ ರುಚಿ ಹೋಗಿದೆ, ಸುಧಾರಿಸಿಕೊಳ್ಳಿ.

ಅವರ ಟೈಪಿಂಗನ್ನು ನೀವು ಕೇಳಬೇಕಿತ್ತು. ಆಗಿನ ಮಂಗಳೂರಿನಲ್ಲಿ ಬೀದಿಗೊಂದು ಟೈಪಿಂಗ್ ಕ್ಲಾಸು. ಮೆಟ್ಟಿಲ ಮೇಲಿಂದ ಇಳಿಯುವ ಆ ಗದ್ದಲ ಹಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಸಂಜೀವಣ್ಣನದು ಹಾಗಲ್ಲ. ಒಂದೇ ಸಮ, ಸಾಲಿನ ಕೊನೆಗೆ ಟಿಣ್ ಎಂದು ಗಂಟೆ, ಕಾಗದದ ಉರುಳೆಗೆ ಎಡಗೈಯಿಂದ ಒಂದು ತಳ್ಳು, ಮತ್ತೆ ಅದೇ ಲಯ. ಅವರ ಯಂತ್ರದಲ್ಲಿ ಕೀಲಿಗಳ ಬಿಗಿ ಹೆಚ್ಚು ಕಡಿಮೆ ಮಾಡುವ ಸಣ್ಣ ಹಿಡಿಯೊಂದಿತ್ತು. ಅದನ್ನು ಅವರು ಅತಿ ಬಿಗಿಗೆ ಇಟ್ಟಿದ್ದರು. ಬೇರೆ ಯಾರು ಕೂತರೂ ನಾಲ್ಕು ಸಾಲಿಗೆ ಬೆರಳು ಸೋಲುತ್ತಿತ್ತು.

ಆ ಯಂತ್ರಗಳನ್ನೆಲ್ಲ ಗೋದಾಮಿಗೆ ಸಾಗಿಸಿ, ಅದೇ ಮೇಜುಗಳ ಮೇಲೆ ಕಂಪ್ಯೂಟರ್ ತಂದಿಟ್ಟರು. ಬುದ್ಧಿಯೆಲ್ಲ ಏಸಿ ಕೋಣೆಯ ದೊಡ್ಡ ಯಂತ್ರದ್ದು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಎಂಬ ಒಂದು ಪ್ರೋಗ್ರಾಂ. ಅದನ್ನು ಶುರುಮಾಡಿದರೆ ಈ ಸಣ್ಣ ಕಂಪ್ಯೂಟರು ದೊಡ್ಡದರ ಟರ್ಮಿನಲ್ಲಿನ, ಅಂದರೆ ಅದಕ್ಕೆ ತಂತಿಯಿಂದ ಜೋಡಿಸಿದ ಬರೀ ಪರದೆ-ಕೀಲಿಮಣೆಯ, ವೇಷ ಹಾಕಿ, ನಾವು ಒತ್ತಿದ ಅಕ್ಷರಗಳನ್ನು ಒಳಗೆ ಕಳಿಸಿ, ಬಂದ ಉತ್ತರವನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಇದನ್ನೆಲ್ಲ ಟೈಪಿಸ್ಟರಿಗೆ ಕಲಿಸುವುದು ನನ್ನ ಕೆಲಸ. ಮೂರು ತಿಂಗಳ ನಂತರ ಪರೀಕ್ಷೆ. ಪಾಸಾಗದವರು ಟಪಾಲು ವಿಭಾಗಕ್ಕೆ, ಲಕೋಟೆ ಅಂಟಿಸಲಿಕ್ಕೆ.

ಉಳಿದವರು ಹೇಗೋ ಕಲಿತರು. ಸಂಜೀವಣ್ಣ ಮಾತ್ರ ದಿನದಿಂದ ದಿನಕ್ಕೆ ಹಿಂದೆ ಬಿದ್ದರು. ಮೂವತ್ತು ವರ್ಷ ಬಿಗಿ ಕೀಲಿ ಒತ್ತಿದ ಬೆರಳು, ಇಲ್ಲಿ ಒಂದು ಕ್ಷಣ ಹೆಚ್ಚು ನಿಂತರೆ ಸಾಕು, ಒಂದು ಅಕ್ಷರ ಆರಾಗಿ ಉದುರುತ್ತಿತ್ತು. ಗಂಟೆ ಇಲ್ಲದ್ದರಿಂದ ಸಾಲು ಮುಗಿದದ್ದು ಗೊತ್ತಾಗುತ್ತಿರಲಿಲ್ಲ. ಹಳೆ ಯಂತ್ರದಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ, ಇಂಗ್ಲಿಷಿನ ಸಣ್ಣ ಎಲ್ ಒತ್ತುವುದು ರೂಢಿ. ಅವರು ಇಲ್ಲಿಯೂ ಹಾಗೇ ಒತ್ತಿದರೆ ಯಂತ್ರ ತೂಕದ ಅಂಕಣವನ್ನೇ ತಿರಸ್ಕರಿಸುತ್ತಿತ್ತು. ತಪ್ಪು ಅಳಿಸಲು ಬ್ಯಾಕ್‌ಸ್ಪೇಸ್ ಒತ್ತಿದರಂತೂ ಅಕ್ಷರ ಅಳಿಯುವ ಬದಲು ಪರದೆಯ ಮೇಲೆ ಒಂದು ಸಣ್ಣ ಗೋಪುರದಂಥ ಗುರುತು, ಪಕ್ಕದಲ್ಲಿ ಎಚ್.

“ಇದೆಂತ ಮಾರಾಯ್ತಿ, ಟೊಪ್ಪಿ ಹಾಕಿದ ಎಚ್ಚು?” ಎಂದರು ಮೊದಲ ದಿನ. ಇಬ್ಬರೂ ನಕ್ಕೆವು. ಹದಿನೈದನೇ ದಿನ ಅವರ ಪರದೆ ತುಂಬ ಟೊಪ್ಪಿಗಳು. ನಗು ಇರಲಿಲ್ಲ.

“ಮಷೀನು ಹೇಳಿದ ಹಾಗೆ ನಾವು ಕೇಳ್ಬೇಕು ಸಂಜೀವಣ್ಣ. ಮೊದಲಿಂದು ಎಲ್ಲ ಮರೆತುಬಿಡಿ” ಎಂದು ನಾನು ಉಪದೇಶ ಮಾಡಿದೆ. ಇಪ್ಪತ್ತೆರಡರಲ್ಲಿ ಮರೆಯುವುದು ಸುಲಭ. ಮರೆಯಲಿಕ್ಕೆ ಏನಾದರೂ ಇದ್ದರಲ್ಲವೇ?

ಪರೀಕ್ಷೆಗೆ ಒಂದು ತಿಂಗಳಿರುವಾಗ ಅವರು ನನ್ನ ಮೇಜಿನ ಹತ್ತಿರ ಬಂದು ಕೈಬರಹದ ಒಂದು ಹಾಳೆ ಇಟ್ಟರು. ತಮ್ಮನ್ನು ಟಪಾಲು ವಿಭಾಗಕ್ಕೆ ವರ್ಗಾಯಿಸಬೇಕೆಂಬ ಅರ್ಜಿ.

“ಇದನ್ನು ನೀನು ಟೈಪ್ ಮಾಡಿ ಕೊಡು ಮಗಾ” ಎಂದರು. “ನನ್ನ ಕೈಯಲ್ಲಿ ಇದು ಟೈಪ್ ಮಾಡ್ಲಿಕ್ಕೆ ಆಗುದಿಲ್ಲ.”

ಆಗುವುದಿಲ್ಲ ಎಂದದ್ದು ಯಂತ್ರದ ಬಗ್ಗೆಯಲ್ಲ ಎಂದು ನನ್ನಂಥ ದಡ್ಡಿಗೂ ಗೊತ್ತಾಯಿತು. “ಎರಡು ದಿನ ಕೊಡಿ” ಎಂದು ಹಾಳೆಯನ್ನು ಡ್ರಾವರಿಗೆ ಹಾಕಿದೆ. ಆ ಎರಡು ದಿನ, ಅಷ್ಟರವರೆಗೆ ಬಿಚ್ಚಿಯೂ ನೋಡದಿದ್ದ ಎಮ್ಯುಲೇಟರಿನ ಪುಸ್ತಕ ಓದಿದೆ. ನಾಚಿಕೆಯಾಯಿತು. ನಾನು ಯಂತ್ರದ ಗುಣ ಎಂದು ತಿಳಿದಿದ್ದದ್ದೆಲ್ಲ ಬರೀ ಸೆಟ್ಟಿಂಗ್! ಬ್ಯಾಕ್‌ಸ್ಪೇಸ್ ಒತ್ತಿದರೆ ಯಾವ ಸಂಕೇತ ಹೋಗಬೇಕು, ಕೀಲಿ ಎಷ್ಟು ಹೊತ್ತು ಹಿಡಿದರೆ ಅಕ್ಷರ ಮರುಕಳಿಸಬೇಕು, ಎಲ್ಲವನ್ನೂ ಬದಲಿಸಬಹುದಿತ್ತು. ಸಾಲಿನ ಅಂಚು ಹತ್ತಿರವಾದಾಗ ಗಂಟೆ ಹೊಡೆಯುವ ಏರ್ಪಾಡು ಕೂಡ ಇತ್ತು.

ಮೂರನೆಯ ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಿದೆ. “ಬಣ್ಣ ಯಾವುದು ಬೇಕು?”

“ನನಗೆ ಬಣ್ಣ ಎಂತಕ್ಕೆ? ಬಿಳಿ ಕಾಗದ, ಕಪ್ಪು ಅಕ್ಷರ. ಅದು ಉಂಟಾ?”

ಉಂಟು. ಪರದೆ ತಿರುಗಾಮುರುಗಾ ಆಗಿ ಬೆಳ್ಳಗಾಯಿತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು. ಒಂದು ಸಾಲು ಹೊಡೆದರು. ಸಾಲಿನ ಕೊನೆಗೆ ಕಂಪ್ಯೂಟರು ಕೀಂ ಎಂದಿತು. ಕೋಳಿಮರಿ ಕೂಗಿದ ಹಾಗಿತ್ತು ಆ ಗಂಟೆ, ಆದರೂ ಅವರ ಎಡಗೈ ಅಭ್ಯಾಸಬಲದಿಂದ ಎದ್ದು ಗಾಳಿಯಲ್ಲಿ ತಳ್ಳಿತು. ಇಬ್ಬರೂ ನಕ್ಕುಬಿಟ್ಟೆವು.

ಎಲ್ ಅನ್ನು ಒಂದು ಮಾಡುವ ಸೆಟ್ಟಿಂಗ್ ಮಾತ್ರ ಸಿಗಲಿಲ್ಲ. “ಅದು ನನಗೆ ಬಿಡು” ಎಂದರು. ಮರುದಿನದಿಂದ ಬೆಳಿಗ್ಗೆ ಬಂದ ಕೂಡಲೇ ತಮ್ಮ ಹಣೆಯ ಗಂಧವನ್ನು ಬೆರಳಿಂದ ಮುಟ್ಟಿ ಒಂದರ ಕೀಲಿಯ ಮೇಲೆ ಬೊಟ್ಟು ಇಡುತ್ತಿದ್ದರು. ಸಂಜೆಯೊಳಗೆ ಅದು ಅಳಿಸಿಹೋಗುತ್ತಿತ್ತು. ಮೂರನೇ ವಾರಕ್ಕೆ ಬೊಟ್ಟು ಬೇಡವಾಯಿತು. ಅರ್ಜಿಯನ್ನು ಅವರೇ ಕೇಳಿ ಪಡೆದು ಹರಿದುಹಾಕಿದರು.

ಇನ್ನು ನಾನು ಬಿಟ್ಟ ದಿನ.

ಪರೀಕ್ಷೆಗೆ ಬೊಂಬಾಯಿಯ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಬಂದವರೇ, ಎಲ್ಲರಿಗೂ ನ್ಯಾಯ ಒಂದೇ ಇರಬೇಕು, ಆದ್ದರಿಂದ ಎಲ್ಲರೂ ಮ್ಯಾನೇಜರರ ಕ್ಯಾಬಿನ್ನಿನ ಹೊರಗಿರುವ ಈ ಒಂದೇ ಕಂಪ್ಯೂಟರಿನಲ್ಲಿ ಪರೀಕ್ಷೆ ಕೊಡಬೇಕು ಎಂದರು. ಅದು ಹೊಸ ಕಂಪ್ಯೂಟರು. ಸೆಟ್ಟಿಂಗೆಲ್ಲ ಕಾರ್ಖಾನೆಯಿಂದ ಬಂದ ಹಾಗೇ. ಸಂಜೀವಣ್ಣನದನ್ನು ಒಂದು ಫ್ಲಾಪಿಯಲ್ಲಿ ತಂದು ಹಾಕಲು ಐದು ನಿಮಿಷ ಸಾಕಿತ್ತು. ಐದು ನಿಮಿಷ ಕೊಡಿ ಸಾರ್ ಎಂದು ಹೇಳುವುದಿತ್ತು, ಅಷ್ಟೇ.

ಅಧಿಕಾರಿ ಗಡಿಯಾರ ನೋಡುತ್ತಿದ್ದರು. ಮ್ಯಾನೇಜರು ಕೈಕಟ್ಟಿ ನಿಂತಿದ್ದರು. ಸೆಟ್ಟಿಂಗ್ ಬದಲಿಸಲು ನಾನು ಯಾರ ಅನುಮತಿಯನ್ನೂ ಕೇಳಿರಲಿಲ್ಲ, ಅದು ಆಗ ನೆನಪಾಯಿತು. ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು.

ಸಂಜೀವಣ್ಣ ಕೂತರು. ಕಪ್ಪು ಪರದೆ ನೋಡಿ, ಏನೋ ತಪ್ಪಾಗಿರಬೇಕು, ಈಗ ಸರಿಮಾಡುತ್ತಾಳೆ ಎಂಬಂತೆ ತಿರುಗಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಗಾಬರಿ ಏನೂ ಇರಲಿಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ. ಅಲ್ಲಿ ಏನಿತ್ತೆಂದು ಇವತ್ತಿಗೂ ಹೇಳಲಾರೆ.

ಅವರು ಶುರುಮಾಡಿದರು. ಗಂಟೆ ಹೊಡೆಯಲಿಲ್ಲ. ಬ್ಯಾಕ್‌ಸ್ಪೇಸ್ ಒತ್ತಿದ ಸದ್ದು ಒಮ್ಮೆ ಬಂತು, ಆಮೇಲೆ ಬರಲಿಲ್ಲ. ತಪ್ಪುಗಳನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಿದ್ದಾರೆ ಎಂದು ಬೆನ್ನು ಹಾಕಿ ನಿಂತ ನನಗೆ ಗೊತ್ತಾಗುತ್ತಿತ್ತು. ಹತ್ತು ನಿಮಿಷ ಮುಗಿಯಿತು. ಅಧಿಕಾರಿ ಹಾಳೆಯ ಮೇಲೆ ಕೆಂಪು ಗೀಟು ಹಾಕಿದರು. ಸಂಜೀವಣ್ಣ “ಥ್ಯಾಂಕ್ಯೂ ಸರ್” ಎಂದು ಎದ್ದು, ನನ್ನ ಪಕ್ಕದಿಂದಲೇ ತಮ್ಮ ಮೇಜಿಗೆ ಹೋಗಿ, ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡರು.

ಮರುದಿನದ ಕಥೆಯೇ ನಮ್ಮ ಮನೆಯಲ್ಲಿ ಪ್ರಸಿದ್ಧವಾದದ್ದು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೋಗಿ ಮ್ಯಾನೇಜರಿಗಾಗಿ ಕಾದೆ. ಮೇಜು ಕುಟ್ಟಲಿಲ್ಲ. ಎಮ್ಯುಲೇಟರಿನ ಪುಸ್ತಕ ಎದೆಗೊತ್ತಿ ಹಿಡಿದು ಹೇಳಿದೆ.

“ಸಾರ್, ಸಂಜೀವಣ್ಣನ ಹಳೇ ಟೈಪ್‌ರೈಟರಿನಲ್ಲಿ ಎಲ್ಲರನ್ನೂ ಕೂರಿಸಿ ಟೆಸ್ಟ್ ಮಾಡಿದ್ರೆ ಎಷ್ಟು ಜನ ಪಾಸಾಗ್ತಿದ್ರು? ಇದೂ ಹಾಗೇ. ಅವರ ಕೈಗೆ ಹೊಂದಿಸಿದ ಮಷೀನು ಬೇರೆ ಉಂಟು.”

ಮ್ಯಾನೇಜರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಪುಟ ತಿರುವಿದರು. “ನಿನ್ನೆ ನೀವು ಅಲ್ಲಿಯೇ ಇದ್ರಲ್ಲ?”

“ಇದ್ದೆ ಸಾರ್.”

“ಮತ್ತೆ ಹೇಳ್ಲಿಲ್ಲ ಯಾಕೆ?”

“ಹೆದರಿಕೆ ಆಯ್ತು ಸಾರ್” ಎಂದವಳು ಅಲ್ಲೇ ಅತ್ತುಬಿಟ್ಟೆ. ಅವರು ನೀರಿನ ಲೋಟ ಮುಂದೆ ತಳ್ಳಿದರು. ಜೋರು ಮಾಡಿದ ಕಥೆ ಎಂದರೆ ಇಷ್ಟು.

ಮ್ಯಾನೇಜರು ಒಳ್ಳೆಯವರು. ಬೊಂಬಾಯಿಗೆ ಫೋನು ಮಾಡಿ ಒಪ್ಪಿಸಿದರು. ಸೋಮವಾರ ಸಂಜೀವಣ್ಣ ತಮ್ಮದೇ ಮೇಜಿನಲ್ಲಿ ಮತ್ತೆ ಪರೀಕ್ಷೆ ಕೊಟ್ಟರು. ಹಳೆಯ ವೇಗ ಇರಲಿಲ್ಲ, ಆದರೆ ಬೇಕಾದಷ್ಟು ಇತ್ತು. ಎಲ್ಲರೂ ಕೈಕುಲುಕಿದರು. ನಾನೂ ಹೋದೆ.

“ಥ್ಯಾಂಕ್ಸ್ ಮೇಡಂ” ಎಂದರು ಸಂಜೀವಣ್ಣ.

ಮೇಡಂ! ಅಲ್ಲಿಂದ ಮುಂದೆ ಅದೇ ಆಯಿತು. ಗೌರವಕ್ಕೆ ಕೊರತೆಯಿಲ್ಲ, ಏನು ಕೇಳಿದರೂ ಉತ್ತರ, ಮನೆಯಿಂದ ತಂದ ಪತ್ರೊಡೆ ಎಲ್ಲರಿಗೂ ಹಂಚಿದ ಹಾಗೆ ನನಗೂ ಒಂದು ತುಂಡು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಏಳೆಂಟು ತಿಂಗಳ ನಂತರ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅವರ ಜೊತೆಗೂಡಿದವಳು, ತಡೆಯಲಾರದೆ ಹೇಳಿದೆ: “ಸಂಜೀವಣ್ಣ, ಆ ದಿನ ನಾನು ಬಾಯಿ ಬಿಡಬೇಕಿತ್ತು.”

“ಹೌದು, ಬಿಡಬೇಕಿತ್ತು” ಎಂದರು. ಪರವಾಗಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಎನ್ನಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, “ಮರುದಿನ ಹೋಗಿ ಹೇಳಿದ್ದೂ ನೀನೇ. ಅದು ಇಲ್ಲ ಅಂತ ಅಲ್ಲ” ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು. ಮೆಟ್ಟಿಲು ಹತ್ತುತ್ತ, “ರಸ್ತೆ ನೋಡಿ ದಾಟು” ಎಂದರು.

ಆರು ವರ್ಷ ಆ ಬಿಳಿ ಪರದೆಯ ಮುಂದೆ ಕೆಲಸ ಮಾಡಿ ಅವರು ನಿವೃತ್ತರಾದರು. ತೀರಿಕೊಂಡ ಸುದ್ದಿ ನನಗೆ ಉಳ್ಳಾಲದ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಆರು ತಿಂಗಳು ತಡವಾಗಿ ಸಿಕ್ಕಿತು.

ಮೊನ್ನೆ ಮಗಳು ಆ ಪ್ರಸಿದ್ಧ ಕಥೆ ಎತ್ತಿದಾಗ ನಾನು ಅದನ್ನು ಬಿಟ್ಟ ದಿನದ ಸಮೇತ ಹೇಳಿದೆ. ಯಾಕೆ ಮೊನ್ನೆಯೇ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಕಿಟಕಿಯ ಹೊರಗೆ ನೋಡಿದ್ದನ್ನು ಹೇಳುವಾಗ ಅವಳ ಮುಖ ನೋಡುವ ಧೈರ್ಯವಾಗದೆ ದೋಸೆಯ ತಟ್ಟೆ ನೋಡುತ್ತಿದ್ದೆ. ತನ್ನ ಅಮ್ಮ ಯಾರಿಗೂ ಹೆದರಿದವಳಲ್ಲ ಎಂದು ಮೂವತ್ತು ವರ್ಷ ನಂಬಿದ ಹುಡುಗಿ. ಏನಾದರೂ ತಮಾಷೆ ಮಾಡುತ್ತಾಳೆ, ಇಲ್ಲವೇ ನೀನು ಆಗ ಸಣ್ಣವಳಲ್ವಾ ಎಂದು ಸಮಾಧಾನ ಹೇಳುತ್ತಾಳೆ ಎಂದುಕೊಂಡೆ.

ಅವಳು ಎರಡೂ ಮಾಡಲಿಲ್ಲ. ಲ್ಯಾಪ್‌ಟಾಪು ಮುಚ್ಚಿ ಕೇಳಿದಳು:

“ಆ ದಿನ ಸಂಜೆ ಅವರು ಮನೆಗೆ ಹೇಗೆ ಹೋದ್ರು ಅಮ್ಮ?”

“ಬಸ್ಸಲ್ಲಿ” ಎಂದೆ. “ಯಾವಾಗಲೂ ಬಸ್ಸಲ್ಲೇ ಹೋಗುದು, ಸೇತುವೆ ದಾಟಿ.”

ಅವಳು ಕೇಳಿದ್ದು ಅದಲ್ಲ ಎಂದು ನನಗೂ ಗೊತ್ತಿತ್ತು.