ಹೆಡ್‌ಮಾಸ್ಟರಿಗೆ ಬಂದ ರಿಜಿಸ್ಟರ್ ಟಪಾಲುಗಳು

ಗುಬ್ಬಿ ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ವೆಂಕಟಯ್ಯನಿಗೆ ಇಬ್ಬರು ಮಕ್ಕಳು. ದೊಡ್ಡವಳು ಪುಟ್ಟಗಂಗಮ್ಮ, ಅವಳಿಗಿಂತ ಮೂರು ವರ್ಷಕ್ಕೆ ಚಿಕ್ಕವನು ಕನಕರಾಜು. ಅಕ್ಕನಿಗೆ ಓದು ನೀರು ಕುಡಿದಷ್ಟು ಸಲೀಸು. ತಮ್ಮನ ಪಾಡು ಬೇರೆ. ಗೂಡ್ಸ್ ರೈಲಿನ ವ್ಯಾಗನ್ನುಗಳನ್ನು ಎಣಿಸಿ ಬಾಯಲ್ಲೇ ಗುಣಾಕಾರ ಮಾಡುತ್ತಿದ್ದ, ಒಮ್ಮೆ ಕೇಳಿದ ಪಾಠವನ್ನು ಮೇಷ್ಟರ ದನಿಯಲ್ಲೇ ಒಪ್ಪಿಸುತ್ತಿದ್ದ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಮ ಯಾವುದು, ವ ಯಾವುದು ಎಂದು ತಡವರಿಸುತ್ತಿದ್ದ. ಒತ್ತಕ್ಷರ ಬಂದಲ್ಲಿ ನಿಂತೇ ಬಿಡುತ್ತಿದ್ದ.

1993ರಲ್ಲಿ ಅವನು ಒಂಬತ್ತನೇ ತರಗತಿ. ಅವನ ಹೈಸ್ಕೂಲಿನ ಹೆಡ್‌ಮಾಸ್ಟರ್ ಚನ್ನವೀರಯ್ಯನವರಿಗೆ ತಾಲ್ಲೂಕಿನಲ್ಲೆಲ್ಲ ದೊಡ್ಡ ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ಅವರ ಶಾಲೆಗೆ ವರ್ಷವರ್ಷವೂ ನೂರಕ್ಕೆ ನೂರು ಫಲಿತಾಂಶ. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅವರು ಕನಕರಾಜುವನ್ನು ಕರೆದು, ಕೈಗೆ ಪೇಪರ್ ಕೊಟ್ಟು, ಮೈಕಿನ ಮುಂದೆ ನಿಲ್ಲಿಸಿದರು. ಹುಡುಗ ಮೊದಲ ತಲೆಬರಹವನ್ನೇ ದಾಟಲಿಲ್ಲ. ನಾನೂರು ಮಕ್ಕಳು ನಕ್ಕರು.

"ಹೂಂ, ಮುಂದಕ್ಕೆ ಓದಪ್ಪ ಪಂಡಿತ," ಎಂದರು ಹೆಡ್‌ಮಾಸ್ಟರು. ಹಾಗೆ ಹತ್ತು ನಿಮಿಷ ನಿಲ್ಲಿಸಿಕೊಂಡರು. ಕೊನೆಗೆ ಕನಕರಾಜು ಮೈಕಿನ ಕಂಬವನ್ನೇ ಎತ್ತಿ ಎಸೆದ. ಅದು ಹೋಗಿ ಅವರ ಮೊಣಕಾಲಿಗೆ ಬಡಿಯಿತು.

ಮಾರನೆಯ ದಿನ ವೆಂಕಟಯ್ಯ ಮಗಳನ್ನು ಜೊತೆಗೆ ಕರೆದುಕೊಂಡು ಶಾಲೆಗೆ ಹೋದ. ಚಪ್ಪಲಿ ಬಾಗಿಲಾಚೆ ಬಿಟ್ಟು, ಟವೆಲ್ ಕಂಕುಳಲ್ಲಿ ಇಟ್ಟುಕೊಂಡು ಕೈಮುಗಿದ.

"ಒಂದ್ಸಲ ಬಿಟ್ಬುಡಿ ಸಾರ್. ಇನ್ನೊಂದ್ಸಲ ಹಿಂಗ್ ಮಾಡಲ್ಲ."

"ನೋಡಯ್ಯ ವೆಂಕಟಯ್ಯ, ನಿನ್ನ ಮಗನ ತಲೇಲಿ ಏನೂ ಇಲ್ಲ. ಇವನನ್ನ ಹತ್ತನೇ ಕ್ಲಾಸಿಗೆ ಕಳಿಸಿ ನನ್ನ ರಿಸಲ್ಟ್ ಹಾಳು ಮಾಡ್ಕೊಳ್ಳಲಾ? ಎಮ್ಮೆ ಕೊಡಿಸು, ಮೇಯಿಸ್ಕೊಂಡಿರ್ಲಿ."

ಟಿಸಿ ಆಗಲೇ ಬರೆದಿಟ್ಟಿದ್ದರು. ದುಂಡಗಿನ ಅಕ್ಷರ, ಹಸಿರು ಶಾಯಿ: 'ಮಂದಬುದ್ಧಿ, ಮುಂಗೋಪಿ. ಮುಂದಿನ ವ್ಯಾಸಂಗಕ್ಕೆ ಯೋಗ್ಯನಲ್ಲ.' ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಏನು ಬರೆದವ್ರೆ ಅಂತ ದಾರಿಯಲ್ಲಿ ಕೇಳಿದ. ಎರಡನೇ ಪಿಯುಸಿಯಲ್ಲಿದ್ದ ಪುಟ್ಟಗಂಗಮ್ಮ ಓದಿ ಹೇಳಿದಳು. ಆ ಮನುಷ್ಯನನ್ನು ಸುಮ್ಮನೆ ಬಿಡಬಾರದು ಎಂದು ಅವಳು ಅಂದುಕೊಂಡದ್ದು ಅದೇ ದಾರಿಯಲ್ಲಿ. ಹೇಗೆ ಎನ್ನುವುದು ಗೊತ್ತಿರಲಿಲ್ಲ.

ಕನಕರಾಜು ಕುಣಿಗಲ್ಲಿನಲ್ಲಿದ್ದ ಸೋದರಮಾವನ ಮನೆ ಸೇರಿ ಮೋಟರ್ ವೈಂಡಿಂಗ್ ಕಲಿತ. ಪುಟ್ಟಗಂಗಮ್ಮ ಅಪ್ಪನ ರೈಲ್ವೆ ಪಾಸಿನಲ್ಲಿ ದಿನಾ ತುಮಕೂರಿಗೆ ಹೋಗಿ ಬಿಎ ಓದಿದಳು. ಮನಃಶಾಸ್ತ್ರ ತೆಗೆದುಕೊಂಡದ್ದು ಬೇರೆ ಸೀಟು ಸಿಗಲಿಲ್ಲವೆಂದು. ಎರಡನೇ ವರ್ಷದಲ್ಲಿ ಮೇಡಂ ಒಬ್ಬರು ಒಂದು ಪಾಠ ಮಾಡಿದರು: ಬುದ್ಧಿ ಚುರುಕಾಗಿದ್ದೂ ಅಕ್ಷರ ಮಾತ್ರ ಹತ್ತದ ಮಕ್ಕಳಿರುತ್ತಾರೆ, ಅದು ದಡ್ಡತನವಲ್ಲ, ಕಲಿಸುವ ದಾರಿ ಬದಲಿಸಿದರೆ ಕಲಿಯುತ್ತಾರೆ. ಪಕ್ಕದಲ್ಲಿದ್ದವರು ನೋಟ್ಸ್ ಬರೆದುಕೊಂಡರು. ಇವಳು ಪೆನ್ನು ಮುಚ್ಚಿಟ್ಟು ಕೇಳಿಸಿಕೊಂಡಳು. ತಮ್ಮನ ತೊಂದರೆಗೆ ಒಂದು ಹೆಸರಿತ್ತು, ಮದ್ದೂ ಇತ್ತು. ಇಪ್ಪತ್ತು ವರ್ಷ ಮೇಷ್ಟರಾಗಿದ್ದವನು ಅದನ್ನು ತಿಳಿಯುವ ಗೋಜಿಗೇ ಹೋಗಿರಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬಂತು. ಮೈಸೂರಿನಲ್ಲಿ ಎಂಎ, ಬೆಂಗಳೂರಿನಲ್ಲಿ ವಿಶೇಷ ಮಕ್ಕಳ ತರಬೇತಿ, ಎಲ್ಲವನ್ನೂ ಮಾಡಿಸಿದ್ದು ಆ ಸಿಟ್ಟೇ.

2001ರಲ್ಲಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು 'ಮಕ್ಕಳ ಕಲಿಕೆ ಮತ್ತು ನಡವಳಿಕೆ ಸಲಹಾ ಕೇಂದ್ರ' ಎಂದು ಬೋರ್ಡು ಹಾಕಿದಳು. ಹುಚ್ಚರ ಆಸ್ಪತ್ರೆ ಎಂದು ಬೀದಿಯವರು ಮಾತಾಡಿಕೊಂಡರು. ತಾಯಂದಿರು ತಲೆ ಮೇಲೆ ಸೆರಗು ಎಳೆದುಕೊಂಡು ಒಳಗೆ ಬರುತ್ತಿದ್ದರು.

ಹಾಗೆ ಬಂದವಳು ಗುಬ್ಬಿಯ ಸಿದ್ದಗಂಗಮ್ಮ, ಮಗ ಗುರುಪ್ರಕಾಶನನ್ನು ಕರೆದುಕೊಂಡು. ಹದಿನಾಲ್ಕರ ಹುಡುಗ, ಹೊಸದಾಗಿ ಸೇರಿದ ಶಾಲೆಯಲ್ಲಿ ಡೆಸ್ಕು ಉರುಳಿಸುತ್ತಾನೆ, ಹಿಡಿಯಲು ಬಂದವರ ಕೈ ಕಚ್ಚುತ್ತಾನೆ. ಪುಟ್ಟಗಂಗಮ್ಮ ಮೂರು ದಿನ ಆ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು, ಅವನು ಯಾವಾಗ ರೇಗುತ್ತಾನೆ, ರೇಗುವ ಮುಂಚೆ ಏನಾಯಿತು, ಆಮೇಲೆ ಏನಾಯಿತು ಎಂದು ಗುರುತು ಹಾಕಿಕೊಂಡಳು. ಗಣಿತದಲ್ಲಿ ತಣ್ಣಗಿರುತ್ತಿದ್ದ. ಓದುವ ಸರದಿ ಹತ್ತಿರ ಬಂದಾಗ ಡೆಸ್ಕು ಉರುಳುತ್ತಿತ್ತು, ಮೇಷ್ಟರು ಹೊರಗೆ ಹಾಕುತ್ತಿದ್ದರು, ಓದುವುದು ತಪ್ಪುತ್ತಿತ್ತು. ಎಲ್ಲರ ಎದುರು ಓದಿಸುವುದನ್ನು ನಿಲ್ಲಿಸಿ ಎಂದು ಮೇಷ್ಟರಿಗೆ ಹೇಳಿ, ಕೇಂದ್ರದಲ್ಲಿ ತಟ್ಟೆ ತುಂಬ ರಾಗಿ ಹರವಿ ಬೆರಳಿನಲ್ಲಿ ಅಕ್ಷರ ತಿದ್ದಿಸಲು ಶುರು ಮಾಡಿದಳು. ಎರಡು ತಿಂಗಳಲ್ಲಿ ಕಚ್ಚುವುದು ನಿಂತಿತು.

ಅವನ ಹಳೆಯ ಟಿಸಿ ನೋಡಿದಾಗ ಅದೇ ಹಸಿರು ಶಾಯಿ, ಅದೇ ದುಂಡಗಿನ ಅಕ್ಷರ, ಅದೇ ಎರಡು ಸಾಲು. ಒಂಬತ್ತನೇ ತರಗತಿಯಲ್ಲೇ ಕೊಟ್ಟದ್ದು.

ಆ ಭಾನುವಾರವೇ ಅವಳು ಗುಬ್ಬಿಗೆ ಹೋಗಿ, ಚನ್ನವೀರಯ್ಯನವರ ಶಾಲೆಯಿಂದ ನಿವೃತ್ತನಾಗಿದ್ದ ಜವಾನ ನರಸಯ್ಯನ ಮನೆ ಜಗಲಿಯಲ್ಲಿ ಕೂತಳು.

"ಪ್ರತಿ ವರ್ಸ ಐದಾರು ಜನನ್ನ ಉದುರಿಸೋರು ಕಣವ್ವ," ಎಂದ ಮುದುಕ. "ಇಲ್ದಿದ್ರೆ ನೂರಕ್ಕೆ ನೂರು ಎಲ್ಲಿಂದ ಬರಬೇಕು?"

ಅವನು ನೆನಪಿನಿಂದ ಹತ್ತೊಂಬತ್ತು ಹೆಸರು ಹೇಳಿದ. ಒಂದೊಂದು ಮನೆಗೂ ಅವಳೇ ಹೋದಳು. ಹನ್ನೊಂದು ಜನ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಲು ಒಪ್ಪಿದರು. ಅವರಲ್ಲಿ ಒಬ್ಬಳು ಮದುವೆಯಾಗಿ ಗೂಳೂರಿನಲ್ಲಿದ್ದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಪಾಠಕ್ಕೆ ಬಂದಳು. ಪುಟ್ಟಗಂಗಮ್ಮ ವೈದ್ಯರ ಪ್ರಮಾಣಪತ್ರ ಮಾಡಿಸಿ, ಹೆಚ್ಚಿನ ಸಮಯಕ್ಕೂ, ಉತ್ತರ ಬರೆದುಕೊಡುವವರಿಗೂ ಅನುಮತಿ ತಂದಳು. 2003ರಲ್ಲಿ ಮೂವರು ಪಾಸಾದರು.

ಮೂವರ ಅಂಕಪಟ್ಟಿಯನ್ನೂ ಅವರವರ ಟಿಸಿಯನ್ನೂ ಜೆರಾಕ್ಸ್ ಮಾಡಿಸಿ, ಒಟ್ಟಿಗೆ ಪಿನ್ನು ಹೊಡೆದು, ಚನ್ನವೀರಯ್ಯನವರ ಹೆಸರಿಗೆ ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದಳು. ಒಬ್ಬರಿಗೊಂದರಂತೆ ಮೂರು ಲಕೋಟೆ, ವಾರಕ್ಕೊಂದು. ಒಳಗೆ ಒಂದಕ್ಷರ ಬರೆಯಲಿಲ್ಲ. ಕಳಿಸಿದವರು ಎಂಬಲ್ಲಿ ಮಾತ್ರ 'ವೆಂಕಟಯ್ಯನ ಮಗಳು ಪುಟ್ಟಗಂಗಮ್ಮ' ಎಂದು ಬಿಡಿಸಿ ಬರೆದಳು. ಅವರು ಸಹಿ ಹಾಕಿದ ಸ್ವೀಕೃತಿ ಕಾರ್ಡು ವಾಪಸು ಬಂದ ದಿನ ಅವಳಿಗೆ ಊಟ ರುಚಿಸುತ್ತಿತ್ತು. ಮುಂದಿನ ವರ್ಷ ನಾಲ್ಕು ಲಕೋಟೆ ಹೋದವು. ನಾಲ್ಕನೆಯದರ ಸಹಿ ಓರೆಯಾಗಿತ್ತು. ಅವರು ಕಾಗದ ಒಡೆಯುವಾಗ ಗುಮಾಸ್ತರು ಓರೆಗಣ್ಣಿನಲ್ಲಿ ನೋಡುತ್ತಾರಂತೆ ಎಂದು ನರಸಯ್ಯ ಸುದ್ದಿ ತಂದ. ಅದನ್ನು ಅವಳು ಎರಡು ಸಲ ಹೇಳಿಸಿಕೊಂಡಳು.

ಆದರೆ ಅವಳು ಕಳಿಸಬೇಕೆಂದಿದ್ದದ್ದು ತಮ್ಮನ ಅಂಕಪಟ್ಟಿ. 2005ರಲ್ಲಿ ಕುಣಿಗಲ್ಲಿಗೆ ಹೋದಳು. ಕನಕರಾಜು ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಇಟ್ಟಿದ್ದ. ತಾಮ್ರದ ತಂತಿ ಸುತ್ತುತ್ತಲೇ ಅಕ್ಕನ ಮಾತು ಕೇಳಿದ.

"ಬೇಡ ಅಕ್ಕ. ನಾನಿಲ್ಲಿ ಚೆನ್ನಾಗೇ ಇದೀನಿ."

"ನಿಂಗೆ ಬರ್ತದೆ ಕಣೋ. ಹನ್ನೊಂದು ಜನಕ್ಕೆ ಕಲಿಸಿದೀನಿ."

"ನಿಂಗೆ ಬೇಕಾಗಿರೋದು ನನ್ನ ಮಾರ್ಕ್ಸ್ ಕಾರ್ಡ್ ಅಲ್ಲ. ಆ ಮೇಷ್ಟ್ರ ಮುಖ."

"ಹೌದು. ತಪ್ಪೇನು?"

"ಪೇಪರ್ ಕಂಡ್ರೆ ಈಗ್ಲೂ ಕೈ ಬೆವರ್ತದೆ ಅಕ್ಕ," ಎಂದು ಅವನು ತಂತಿ ಕೆಳಗಿಟ್ಟು ಅಂಗೈ ತೋರಿಸಿದ. ಇಂಥ ಅಂಗೈಗಳನ್ನು ಅವಳು ದಿನಾ ನೋಡುತ್ತಿದ್ದಳು. ಬೇರೆ ಮಗುವಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದಳು. ತಮ್ಮನ ವಿಷಯದಲ್ಲಿ ನಿಲ್ಲಿಸಲಿಲ್ಲ. ಅವ್ವನ ಕೈಯಲ್ಲಿ ಹೇಳಿಸಿದಳು, ಅಪ್ಪನ ಮೇಲೆ ಆಣೆ ಹಾಕಿಸಿದಳು, ಫಾರಂ ತಾನೇ ತುಂಬಿದಳು.

ಪರೀಕ್ಷೆಯ ದಿನ ಕನಕರಾಜು ಪರೀಕ್ಷಾ ಕೇಂದ್ರದ ಗೇಟಿನವರೆಗೆ ಹೋಗಿ, ಗಂಟೆ ಹೊಡೆದದ್ದು ಕೇಳಿ, ಹಿಂದಕ್ಕೆ ತಿರುಗಿದ. ನಾಲ್ಕು ದಿನ ಎಲ್ಲಿದ್ದಾನೆಂದು ತಿಳಿಯಲಿಲ್ಲ. ಹುಲಿಯೂರುದುರ್ಗದ ಹತ್ತಿರ ಗೆಳೆಯನೊಬ್ಬನ ತೋಟದ ಪಂಪ್‌ಹೌಸಿನಲ್ಲಿ ಸಿಕ್ಕಾಗ ಮುಖದಲ್ಲಿ ಒಂಬತ್ತನೇ ತರಗತಿಯ ಹುಡುಗನಿದ್ದ.

"ಅವ್ರು ಓದು ಅಂತ ನಿಲ್ಲಿಸಿದ್ರು, ನೀನು ಬರಿ ಅಂತ ಕೂರಿಸೋಕೆ ಬಂದೆ," ಎಂದ. "ಅಂಗಡಿ ಕಡೆ ಬರ್ಬೇಡ ಅಕ್ಕ."

ಪುಟ್ಟಗಂಗಮ್ಮ ವಾರಗಟ್ಟಲೆ ಕೇಂದ್ರದ ಬಾಗಿಲು ತೆಗೆಯಲಿಲ್ಲ. ಮತ್ತೆ ತೆಗೆದಾಗ ಅವಳು ಬದಲಾಗಿದ್ದಳು ಎಂದು ಬಂದವರು ಹೇಳುತ್ತಿದ್ದರು. ಪರೀಕ್ಷೆಯ ಮಾತನ್ನು ಮಕ್ಕಳೇ ಎತ್ತುವವರೆಗೆ ಎತ್ತುತ್ತಿರಲಿಲ್ಲ. ಲಕೋಟೆಗಳೂ ನಿಂತವು. ಸಿಟ್ಟು ಮಾತ್ರ ಎಳ್ಳಷ್ಟೂ ಇಳಿಯಲಿಲ್ಲ. ಇಷ್ಟು ದಿನ ಮಕ್ಕಳ ಹೆಗಲ ಮೇಲೆ ಕೋವಿ ಇಟ್ಟು ಗುರಿ ಹಿಡಿದಿದ್ದೆ, ಇನ್ನು ನಾನೇ ನಿಲ್ಲುತ್ತೇನೆ ಎಂದುಕೊಂಡಳು.

2007ರಲ್ಲಿ ಚನ್ನವೀರಯ್ಯನವರ ನಿವೃತ್ತಿ. ನಿವೃತ್ತಿಯಾದ ಮೇಲೆ ಶಾಲೆಯ ಆಡಳಿತ ಮಂಡಳಿಗೆ ಅವರೇ ಕಾರ್ಯದರ್ಶಿ ಎಂದು ಮಾತಾಗಿತ್ತು. ಸನ್ಮಾನಕ್ಕೆ ಕರಪತ್ರ ಅಚ್ಚಾಗಿತ್ತು. ಅದಕ್ಕೆ ಎರಡು ತಿಂಗಳ ಮುಂಚೆ ಅವಳು ತಮ್ಮನದನ್ನು ಬಿಟ್ಟು, ಪಾಠಕ್ಕೆ ಬಂದ ಹನ್ನೊಂದು ಜನರ ಟಿಸಿ ಲಗತ್ತಿಸಿ ಶಿಕ್ಷಣ ಇಲಾಖೆಗೆ ದೂರು ಕೊಟ್ಟಳು. ವಿಚಾರಣೆ ತುಮಕೂರಿನಲ್ಲಿ ನಡೆಯಿತು. ಹನ್ನೊಂದು ಜನರೂ ಬಂದರು.

"ಇವೆಲ್ಲ ಶಿಸ್ತಿಲ್ಲದ ಹುಡುಗ್ರು ಸಾರ್," ಎಂದರು ಚನ್ನವೀರಯ್ಯ.

"ಮಂದಬುದ್ಧಿ ಅಂತ ಬರ್ದಿದೀರಲ್ಲ, ಅದನ್ನ ಯಾರು ಪರೀಕ್ಷೆ ಮಾಡಿದ್ರು?" ಎಂದು ಅಧಿಕಾರಿ ಕೇಳಿದರು.

ಪುಟ್ಟಗಂಗಮ್ಮ ಹನ್ನೊಂದು ಜನರ ಬುದ್ಧಿಮಟ್ಟದ ವರದಿಗಳನ್ನು ಮೇಜಿನ ಮೇಲೆ ಇಟ್ಟು, ಹೆಸರು ಹಿಡಿದು, ಆತುರವಿಲ್ಲದೆ ಗಟ್ಟಿಯಾಗಿ ಓದಿದಳು. ಮುಕ್ಕಾಲು ಗಂಟೆ ಹಿಡಿಯಿತು. ಚನ್ನವೀರಯ್ಯ ಒಂದೆರಡು ಸಲ ಎದ್ದು ಹೋಗಲು ನೋಡಿದರು. ಕೂತ್ಕೊಳ್ಳಿ ಎಂದರು ಅಧಿಕಾರಿ. ಹೊಸ ಟಿಸಿಗಳನ್ನು ಸ್ವಂತ ಕೈಯಲ್ಲಿ, ಅವರೆಲ್ಲರ ಎದುರಿಗೇ ಬರೆದುಕೊಡಬೇಕು ಎಂದು ಆದೇಶವಾಯಿತು. ಸನ್ಮಾನ ನಡೆಯಲಿಲ್ಲ, ಕಾರ್ಯದರ್ಶಿ ಪದವಿಯೂ ಬರಲಿಲ್ಲ. ಆ ವರ್ಷ ಒಂಬತ್ತನೇ ತರಗತಿಯಿಂದ ಯಾರನ್ನೂ ಹೊರಗೆ ಹಾಕಲಿಲ್ಲ. ಮುಂದಿನ ವರ್ಷ ಶಾಲೆಯ ಫಲಿತಾಂಶ ಎಂಬತ್ತೆಂಟಕ್ಕೆ ಇಳಿಯಿತು. ಆ ಅಂಕಿ ಅವಳಿಗೆ ಸಿಹಿ ತಿಂದಷ್ಟು ಹಿತವಾಯಿತು.

ಸುದ್ದಿ ಕುಣಿಗಲ್ಲಿಗೂ ಮುಟ್ಟಿತು. ಕನಕರಾಜು ಫೋನ್ ಮಾಡಿ, ಅವ್ವನ ಮಂಡಿನೋವು ವಿಚಾರಿಸಿದ, ಹಬ್ಬಕ್ಕೆ ಬಾ ಎಂದ. ಅದರ ಬಗ್ಗೆ ಏನೂ ಕೇಳಲಿಲ್ಲ.

2009ರ ಒಂದು ಮಧ್ಯಾಹ್ನ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಅವಳು ಗುಬ್ಬಿ ಬಸ್ಸಿಗೆ ಕಾಯುತ್ತಿದ್ದಾಗ ಚನ್ನವೀರಯ್ಯ ಎದುರಾದರು. ತೂಕ ಇಳಿದಿತ್ತು, ಕೈಯಲ್ಲಿ ಕೋಲು.

"ಚೆನ್ನಾಗಿದೀಯೇನಮ್ಮ?" ಎಂದರು. "ಆಗಿನ ಕಾಲದಲ್ಲಿ ನಮಗ್ಯಾರಿಗೂ ಅದೆಲ್ಲ ಗೊತ್ತಿರ್ಲಿಲ್ಲ. ತಪ್ಪಾಗಿದ್ರೆ ಮನಸ್ಸಿನಲ್ಲಿ ಇಟ್ಕೋಬೇಡ."

"ಇದನ್ನ ನನಗಲ್ಲ ಹೇಳ್ಬೇಕಾಗಿರೋದು. ನನ್ನ ತಮ್ಮ ಕುಣಿಗಲ್ಲಿನಲ್ಲಿದಾನೆ. ಬಸ್ಸು ಅಗೋ ಅಲ್ಲೇ ನಿಂತಿದೆ."

ಅವಳು ತನ್ನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಚನ್ನವೀರಯ್ಯ ಕುಣಿಗಲ್ ಬಸ್ಸಿನ ಬಾಗಿಲವರೆಗೆ ಹೋದರು, ಬೋರ್ಡು ಓದಿದರು, ಅಲ್ಲೇ ನಿಂತರು. ಕಂಡಕ್ಟರು ಹತ್ತುತ್ತೀರಾ ಎಂದು ಕೈಸನ್ನೆಯಲ್ಲಿ ಕೇಳಿದ. ಅವರು ಪಕ್ಕಕ್ಕೆ ಸರಿದರು. ಬಸ್ಸು ಹೊರಟಿತು.

ಪುಟ್ಟಗಂಗಮ್ಮನಿಗೆ ಸಮಾಧಾನವಾಯಿತು. ಅವರು ಹತ್ತಿಬಿಟ್ಟರೆ ಇಷ್ಟು ವರ್ಷದ ಸಿಟ್ಟನ್ನು ಎಲ್ಲಿಡುವುದು ಎಂದು ಅವಳು ಕಿಟಕಿಯ ಸರಳು ಬಿಗಿ ಹಿಡಿದಿದ್ದಳು.