ಗಂಗಮ್ಮನ ಸೀರೆ ಎಸೆದವಳು

ಆ ಸೀರೆಯನ್ನು ನೀರಿಗೆ ಎಸೆದವಳು ನಾನು. ನನ್ನ ಅತ್ತೆಯಲ್ಲ.

ಈ ಎರಡು ವಾಕ್ಯ ಬರೆಯಲು ನನಗೆ ವರ್ಷಗಳೇ ಬೇಕಾದವು. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕವು — ಅಂದೇ, ಆ ದೋಣಿಯಲ್ಲೇ, ಒಂದೇ ಉಸಿರಿನಲ್ಲಿ ಹೇಳಿಬಿಡಬಹುದಿತ್ತು.

ನಾವಿರುವುದು ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ನಮ್ಮವರು, ಶ್ರೀಧರ್, ಇಲ್ಲೇ ಒಂದು ಕಂಪನಿಯಲ್ಲಿದ್ದಾರೆ. ಮಾವನವರು ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು, ಟಿ. ದಾಸರಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದವರು. ಅವರು ಹೋದ ಮೇಲೆ ಅತ್ತೆ ನಮ್ಮ ಜೊತೆಗೆ ಬಂದರು. ಬಂದರೂ ವಾರಕ್ಕೊಮ್ಮೆ ಒಬ್ಬರೇ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ದಾಸರಹಳ್ಳಿಯ ಹಳೆಯ ನೆರೆಯವರನ್ನು ನೋಡಿಕೊಂಡು ಬರುತ್ತಿದ್ದರು. ಬರುವಾಗ ಸೆರಗಿನ ತುದಿಯಲ್ಲಿ ಯಾರದೋ ಮನೆಯ ಮಲ್ಲಿಗೆ ಕಟ್ಟಿಕೊಂಡಿರುತ್ತಿದ್ದರು. ಅವರ ಆ ಓಡಾಟವನ್ನು ಕಿತ್ತುಕೊಂಡವಳು ನಾನು ಎಂಬುದನ್ನು ಹೇಳಲೆಂದೇ ಇಷ್ಟೆಲ್ಲ ಹೇಳುತ್ತಿದ್ದೇನೆ.

ಆ ವರ್ಷ ಬೇಸಿಗೆಯಲ್ಲಿ ನನಗೆ ಗರ್ಭಕೋಶದ ಆಪರೇಷನ್ ಆಗಿತ್ತು. ರಕ್ತಸ್ರಾವ ನಿಲ್ಲದೆ ಆಸ್ಪತ್ರೆಯವರೇ ಹೆದರಿದ್ದರಂತೆ. ಆಗ ಅತ್ತೆ ಹರಕೆ ಹೊತ್ತರು — ಸೊಸೆ ಎದ್ದು ಓಡಾಡಿದರೆ ಗಂಗಮ್ಮನಿಗೆ ಒಂದು ಸೀರೆ ಎಂದು. ನಾನು ಎದ್ದು ಓಡಾಡಿದೆ. ಮಳೆಗಾಲ ಕಳೆದ ಮೇಲೆ ನಮ್ಮವರ ಕಂಪನಿಯವರು ಕೆಲವು ಕುಟುಂಬಗಳನ್ನು ಗೋವಾಕ್ಕೆ ಕರೆದೊಯ್ದರು. ಒಂದು ದಿನದ ಮಟ್ಟಿಗೆ ಯಾಟ್ ಬಾಡಿಗೆಗೆ ಹಿಡಿದಿದ್ದರು — ಬಿಳಿ ಸೋಫಾಗಳ, ಎರಡು ಡೀಸೆಲ್ ಇಂಜಿನ್ನುಗಳ ದೊಡ್ಡ ದೋಣಿ. ಅತ್ತೆ ಸೀರೆಯನ್ನು ಜೊತೆಗೇ ತಂದಿದ್ದರು. ಹಸಿರು ಮೈ, ಅರಿಶಿನ ಬಣ್ಣದ ಅಂಚು. ತಾವೇ ಅಂಗಡಿಗೆ ಹೋಗಿ ಆರಿಸಿದ್ದು.

ದೋಣಿ ಹೊರಡುವ ಮುಂಚೆ ಕ್ಯಾಪ್ಟನ್ ನಮ್ಮನ್ನೆಲ್ಲ ಕೂರಿಸಿಕೊಂಡು ತಿಳಿಸಿದರು — ಲೈಫ್ ಜಾಕೆಟ್ ಎಲ್ಲಿದೆ, ಯಾವ ಕಂಬಿ ಹಿಡಿಯಬೇಕು, ಇಂಜಿನ್ ಓಡುವಾಗ ಹಿಂಭಾಗದ ಹಲಗೆಗೆ ಯಾಕೆ ಇಳಿಯಬಾರದು. ಕಾರವಾರದ ಕಡೆಯವರು, ಕನ್ನಡ ಬರುತ್ತಿತ್ತು. ಅತ್ತೆಯ ಮಡಿಲಲ್ಲಿದ್ದ ಸೀರೆ ನೋಡಿ ಅವರಿಗೆ ಅರ್ಥವಾಯಿತು.

"ಅಮ್ಮ, ಇಂಜಿನ್ ಚಾಲೂ ಇರುವಾಗ ಏನೂ ನೀರಿಗೆ ಹಾಕ್ಬೇಡಿ. ಬಟ್ಟೆ ಅಂತೂ ಬೇಡವೇ ಬೇಡ. ಅಡಿಯಲ್ಲಿ ಫ್ಯಾನ್ ತಿರುಗ್ತಾ ಇರ್ತದೆ, ಎಳ್ಕೊಂಡು ಬಿಡ್ತದೆ. ನಿಲ್ಲಿಸಿದ ಮೇಲೆ ನಾನೇ ಹೇಳ್ತೇನೆ, ಆಗ ಎರಡು ಹೂವು ಹಾಕಿ. ಸೀರೆ ತೋರಿಸಿ ವಾಪಸ್ ಇಟ್ಕೊಳ್ಳಿ."

"ಆಗ್ಲಪ್ಪ," ಎಂದು ಅತ್ತೆ ನಕ್ಕರು. "ಗಂಗಮ್ಮ ಉಟ್ಟು ಬಿಚ್ಕೊಟ್ಲು ಅಂದ್ಕೋತೀನಿ ಬಿಡು. ದಡಕ್ಕೆ ಹೋದ್ಮೇಲೆ ಯಾರಾದ್ರೂ ಮುತ್ತೈದೇಗೆ ಕೊಟ್ರಾಯ್ತು."

ನೋಡಿ — ಅವರಿಗೆ ಎಲ್ಲವೂ ಸ್ಪಷ್ಟವಾಗಿ ಅರ್ಥವಾಗಿತ್ತು. ನನಗೂ.

ದೋಣಿ ಹೊರಟ ಸ್ವಲ್ಪ ಹೊತ್ತಿಗೆ ಅತ್ತೆ ಪೂಜೆಗೆ ಅಣಿಮಾಡತೊಡಗಿದರು. ಆ ಬಿಳಿ ಸೋಫಾದ ಮೇಲೆ ಸ್ಟೀಲ್ ತಟ್ಟೆ, ಕುಂಕುಮದ ಡಬ್ಬಿ, ಬಾಳೆಹಣ್ಣು, ಮೇಲೆ ಸೀರೆ. ನಮ್ಮವರ ಮೇಲಧಿಕಾರಿಯ ಹೆಂಡತಿ ಕಪ್ಪು ಕನ್ನಡಕವನ್ನು ಹಣೆಗೇರಿಸಿ, "ಸೋ ಸ್ವೀಟ್! ಆಂಟಿ ಇಲ್ಲೇ ಪೂಜಾ ಮಾಡ್ತಾರಾ?" ಎಂದರು. ಆಕೆಯ ದನಿಯಲ್ಲಿ ಕೊಂಕಿರಲಿಲ್ಲ. ಈಗ ನೆನೆದರೂ ಇರಲಿಲ್ಲ ಎಂದೇ ಅನ್ನಿಸುತ್ತದೆ. ಆದರೆ ನನ್ನ ಕಿವಿ ಬಿಸಿಯಾಯಿತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಾಲು ಜೋಡಿಸಿ ಕೂರುವುದನ್ನು ಕಲಿಸಿದ್ದರು, ಶಬ್ದವಾಗದಂತೆ ಚಮಚ ಇಡುವುದನ್ನು ಕಲಿಸಿದ್ದರು. ಸೋಫಾದ ಬಿಳಿಯ ಮೇಲೆ ಬಿದ್ದ ಒಂದು ಚಿಟಿಕೆ ಕುಂಕುಮವನ್ನು ನಾನು ಕರವಸ್ತ್ರದಿಂದ ಒರೆಸಿದೆ. ಅದು ಇನ್ನಷ್ಟು ಹರಡಿತು.

ಅತ್ತೆಗೆ ವಾಂತಿಯಾಗದಿರಲೆಂದು ಬೆಳಿಗ್ಗೆ ನಾನೇ ಮಾತ್ರೆ ಕೊಟ್ಟಿದ್ದೆ. ಅದರ ಮಂಪರಿನಲ್ಲಿ ಅವರು ಕೂತಲ್ಲೇ ತೂಕಡಿಸಿದರು. ನಾನು ತಟ್ಟೆಯನ್ನು ಚೀಲಕ್ಕೆ ಸೇರಿಸಿದೆ. ಸೀರೆ ಮಾತ್ರ ಅದರಲ್ಲಿ ಹಿಡಿಯಲಿಲ್ಲ. ಮೇಲಧಿಕಾರಿಯ ಹೆಂಡತಿ ಮತ್ತೆ ಇತ್ತ ಬರುತ್ತಿದ್ದರು, ಕೈಯಲ್ಲಿ ಫೋನ್ — ಅತ್ತೆಯ ಪೂಜೆಯ ವಿಡಿಯೋ ತೆಗೆಯಲೆಂದು. ನಾನು ಸೀರೆ ಎತ್ತಿಕೊಂಡು ದೋಣಿಯ ಹಿಂಭಾಗಕ್ಕೆ ನಡೆದೆ. ಅದನ್ನು ಸುತ್ತಿದ್ದ ಪ್ಲಾಸ್ಟಿಕ್ ಕವರ್ ತೆಗೆದು ಮಡಿಸಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ — ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯಬಾರದಲ್ಲ! ಆಮೇಲೆ ಸೀರೆಯನ್ನು ಕೈಬಿಟ್ಟೆ.

ಹರಕೆ ತೀರಿಸಬೇಕೆಂದು ಎಸೆದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅದು ಕಣ್ಣೆದುರು ಇರಬಾರದೆಂದು ಎಸೆದೆ. ನನ್ನ ಜೀವಕ್ಕೆಂದು ಹೊತ್ತ ಸೀರೆ.

ಆ ಹೊತ್ತಿಗೆ ದೋಣಿ ಲಂಗರು ಹಾಕಲೆಂದು ನಿಧಾನಕ್ಕೆ ಹಿಂದಕ್ಕೆ ಸರಿಯುತ್ತಿತ್ತು. ಸೀರೆ ನೀರಿನ ಮೇಲೆ ಒಮ್ಮೆ ಅಗಲವಾಗಿ ಅರಳಿತು, ಮರುಕ್ಷಣ ಯಾರೋ ಸೆರಗು ಹಿಡಿದೆಳೆದಂತೆ ಕೆಳಗೆ ಹೋಯಿತು. ನೆಲ ಅದುರಿತು. ಒಂದು ಇಂಜಿನ್ ಕೆಮ್ಮಿ ನಿಂತಿತು. ನಾನು ಓಡಿಬಂದು ನನ್ನ ಜಾಗದಲ್ಲಿ ಕೂತೆ — ಕಾಲು ಜೋಡಿಸಿ.

ಬಂಡೆಗಳು ಹತ್ತಿರದಲ್ಲೇ ಇದ್ದವು. ಎಲ್ಲರೂ ಜಾಕೆಟ್ ಹಾಕಿ ನಡುವೆ ಕೂರಬೇಕೆಂದು ಕ್ಯಾಪ್ಟನ್ ಕೂಗಿದರು. ಮಕ್ಕಳು ಅಳುತ್ತಿದ್ದವು. ಉಳಿದ ಒಂದೇ ಇಂಜಿನ್ನಿನಲ್ಲಿ ಕ್ಯಾಪ್ಟನ್ ದೋಣಿಯನ್ನು ದೂರ ತಂದು, ಲಂಗರು ಇಳಿಸಿ, ಅದನ್ನೂ ಆರಿಸಿ, ಕೀಲಿಗಳನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು — ನೀರೊಳಗೆ ಮನುಷ್ಯನಿರುವಾಗ ಯಾರೂ ಗುಂಡಿ ಒತ್ತದಿರಲಿ ಎಂದು. ಆಮೇಲೇ ಅವರ ಜೊತೆಗಾರ ಚಾಕು ಹಿಡಿದು ಕೆಳಗಿಳಿದ. ಅವನು ಮತ್ತೆ ಮತ್ತೆ ಮುಳುಗೆದ್ದು, ಮೇಲೆ ಹಾಕಿದ್ದು ಹಸಿರು ಚಿಂದಿ, ಅರಿಶಿನ ಬಣ್ಣದ ಅಂಚು.

ಎಲ್ಲರೂ ಅತ್ತೆಯನ್ನು ನೋಡಿದರು.

"ಅಮ್ಮಾ, ಅವ್ರು ಅಷ್ಟು ಹೇಳಿದ್ರಲ್ಲಮ್ಮಾ," ನಮ್ಮವರ ಮುಖ ಕೆಂಪಾಗಿತ್ತು. "ಮಕ್ಕಳೆಲ್ಲ ಇದಾರೆ ಇಲ್ಲಿ. ಯಾಕಮ್ಮಾ ಹಾಕ್ದೆ?"

"ನಾನಾ?" ಅತ್ತೆ ಮಡಿಲು ತಡಕಿದರು. ಸೋಫಾ ತಡಕಿದರು. "ಇಲ್ವಲ್ಲಪ್ಪ… ಇಲ್ಲೇ ಇಟ್ಕೊಂಡಿದ್ದೆ…" ಆಮೇಲೆ ನನ್ನ ಕಡೆ ತಿರುಗಿದರು. "ಪದ್ಮಾ, ನೀನು ಇಲ್ಲೇ ಇದ್ಯಲ್ಲ. ನಾನು ಹಾಕಿದ್ನೇನೇ?"

ಅವರು ಕೇಳಿದ್ದು ನಿಜವಾದ ಪ್ರಶ್ನೆ. ತಮ್ಮ ಕಣ್ಣಿಗಿಂತ ನನ್ನ ಕಣ್ಣನ್ನು ನಂಬಿ ಕೇಳಿದ ಪ್ರಶ್ನೆ. ನಾನು ಅವರ ಕೈ ಹಿಡಿದು, ಮೃದುವಾಗಿ — ಎಷ್ಟು ಮೃದುವಾಗಿ! — ಹೇಳಿದೆ:

"ಇರ್ಲಿ ಬಿಡಿ ಅತ್ತೆ. ಗೊತ್ತಾಗ್ದೆ ಆಗಿದ್ದು ತಾನೆ."

ಅಷ್ಟೇ. "ನೀವೇ ಹಾಕಿದಿರಿ" ಎಂದು ನಾನು ಅನ್ನಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಮೇಲಧಿಕಾರಿಯ ಹೆಂಡತಿ ನನ್ನ ಭುಜ ಸವರಿ, ಇಂಥ ಸೊಸೆ ಸಿಗೋಕೆ ಪುಣ್ಯ ಮಾಡಿರಬೇಕು ಎಂದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯವೆಂದುಕೊಂಡರು.

ವೈಟ್‌ಫೀಲ್ಡಿಗೆ ಮರಳಿದ ಮೇಲೆ ಆಗಿದ್ದೆಲ್ಲ ಪ್ರೀತಿಯಿಂದಲೇ ಆಗಿದ್ದು. ನಮ್ಮವರು ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ದರು. ವಯಸ್ಸಿಗೆ ತಕ್ಕಂತೆ ಚೆನ್ನಾಗೇ ಇದ್ದಾರೆ, ಗಮನವಿರಲಿ ಎಂದರು ಡಾಕ್ಟರು. ಆ 'ಗಮನವಿರಲಿ' ಮನೆಯೊಳಗೆ ಬಂದು ಕೂತುಬಿಟ್ಟಿತು. ಗ್ಯಾಸ್ ಹಚ್ಚಬೇಡಮ್ಮಾ. ಬೀಗದ ಕೈ ಪದ್ಮನ ಹತ್ರ ಇರ್ಲಿ. ಮೆಟ್ರೋದಲ್ಲಿ ಒಬ್ಬಳೇ ಬೇಡ, ಮೆಜೆಸ್ಟಿಕ್‌ನಲ್ಲಿ ಇಳಿದು ಎಲ್ಲಿಗೆ ಹೋಗ್ಬೇಕು ಅನ್ನೋದೇ ಮರೆತ್ರೆ? ಅತ್ತೆ ಮೊದಮೊದಲು ಜಗಳವಾಡಿದರು. "ದಾಸರಹಳ್ಳಿ ದಾರಿ ನನಗೆ ಹೇಳ್ಕೊಡ್ತೀಯೇನೋ, ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಓಡಾಡಿದೋಳು ಕಣೋ ನಾನು!" ಎಂದರು. ಆಮೇಲೆ ಜಗಳ ನಿಂತಿತು. ಆಮೇಲೆ ನಮ್ಮವರೇ ಕರೆದೊಯ್ಯುತ್ತೇನೆಂದರೂ ಬೇಡವೆಂದರು. ಸಾರಿಗೆ ಉಪ್ಪು ಹಾಕಿ, ಒಂದು ಗಳಿಗೆ ನಿಂತು, ನನ್ನನ್ನು ಕೇಳುವರು: "ಹಾಕಿದ್ನಾ?" ನಾನು "ಹಾಕಿದ್ರಿ ಅತ್ತೆ" ಎನ್ನುವೆ. ಅವರು ನನಗೆ ಥ್ಯಾಂಕ್ಸ್ ಹೇಳುವರು.

ಒಂದು ಸಲವೂ ಅವರು ಏನನ್ನೂ ಮರೆತದ್ದನ್ನು ನಾನು ಕಂಡಿಲ್ಲ. ತಮ್ಮ ಮೇಲಿನ ನಂಬಿಕೆಯೊಂದನ್ನು ಬಿಟ್ಟು — ಅದನ್ನು ಅವರು ಮರೆತದ್ದಲ್ಲ, ನಾನು ಕಿತ್ತುಕೊಂಡದ್ದು.

ಈಚೆಗೆ ಒಂದು ಮಧ್ಯಾಹ್ನ ಇಬ್ಬರೂ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಹೇಳಿಬಿಟ್ಟೆ. "ಅತ್ತೆ, ಆ ಸೀರೆ ಹಾಕಿದ್ದು ನೀವಲ್ಲ. ನಾನು. ನಿಮ್ಮ ಪೂಜೆ ನೋಡಿ ನನಗೆ ನಾಚಿಕೆ ಆಯ್ತು, ಅದಕ್ಕೆ." ಕಿರುಚುತ್ತಾರೆ, ಅಳುತ್ತಾರೆ, ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ.

ಅವರು ನಕ್ಕರು. ಅವರೆಯ ಸೊಗಡಿನ ಕೈಯಿಂದ ನನ್ನ ಕೆನ್ನೆ ತಟ್ಟಿದರು. "ಸಾಕು ಸುಮ್ನಿರಮ್ಮ. ನನ್ನ ಮನಸ್ಸು ನೋಯ್ಬಾರ್ದು ಅಂತ ಏನೇನ್ ಹೇಳ್ತೀಯೋ. ನೀನು ಅಂಥೋಳಲ್ಲ ಅಂತ ನನಗೆ ಗೊತ್ತಿಲ್ವಾ?"

ಅಂದು ಸಂಜೆ ನಮ್ಮವರಿಗೂ ಹೇಳಿದೆ, ಅತ್ತೆಯ ಎದುರಿಗೇ. ಅವರು ತಾಯಿಯ ಮುಖ ನೋಡಿದರು. ತಾಯಿ ತಲೆಯಾಡಿಸಿದರು. "ನೀನು ತುಂಬ ಒಳ್ಳೆಯವಳು ಪದ್ಮಾ, ಆದ್ರೆ ಇದೆಲ್ಲ ಬೇಡ," ಎಂದು ನಮ್ಮವರು ಟಿವಿ ಹಾಕಿದರು.

ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ನೀವು ನನ್ನನ್ನು ಕಂಡವರಲ್ಲ. ನನ್ನ ಒಳ್ಳೆಯತನದ ಮೇಲೆ ನಿಮಗೆ ಯಾವ ಭರವಸೆಯೂ ಇಲ್ಲ, ನೀವು ನಂಬಬಲ್ಲಿರಿ. ಇದು ಅಚ್ಚಾದರೆ ಅತ್ತೆಯ ಎದುರು ಕೂತು ಮೊದಲಿನಿಂದ ಓದುತ್ತೇನೆ. ಅವರು ನಕ್ಕರೆ ಮತ್ತೆ ಓದುತ್ತೇನೆ. ಅವರು ನನ್ನ ಮಾತು ನಂಬಿ, ನನ್ನ ಕೆನ್ನೆಯ ಮೇಲಿಂದ ಕೈ ತೆಗೆಯುವವರೆಗೆ ಓದುತ್ತೇನೆ.